ಫೋಟೊ ತರುವವಳು ಲಂಕೆಗೆ ಹೋದದ್ದು

ಚಿತ್ರದುರ್ಗ, ಹೊರಡುವ ಮುಂಚೆ

ಶ್ರೀಲಂಕಾಕ್ಕೆ ಹೋಗಿಬಂದೆ ಎಂದರೆ ನಮ್ಮ ಬೀದಿಯವರು ಕೇಳುವುದು ಒಂದೇ ಪ್ರಶ್ನೆ, ಅಶೋಕವನ ನೋಡಿದೆಯಾ ಎಂದು. ನೋಡಲಿಲ್ಲ. ರಾವಣನ ಅರಮನೆಯನ್ನೂ ನೋಡಲಿಲ್ಲ, ಹನುಮಂತ ಬೆಂಕಿ ಇಟ್ಟ ಜಾಗವನ್ನೂ ನೋಡಲಿಲ್ಲ. ಹಾಗಾದರೆ ಏನು ಕಡಿದು ಕಟ್ಟೆ ಹಾಕಲು ಹೋಗಿದ್ದೆ ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟರು ಕೇಳಿದರು. ಸಾವುನೋವಿನ ವರದಿ ಮಾಡುವ ಪತ್ರಕರ್ತರು ತಮ್ಮ ಮನಸ್ಸನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಕಲಿಸುವ ಆರು ದಿನದ ಶಿಬಿರ ಎಂದೆ. ಮೇಷ್ಟರು, ಅದಕ್ಕೆ ಸಮುದ್ರ ದಾಟಬೇಕಿತ್ತೇನಮ್ಮ ಎಂದರು.

ನನ್ನ ಮಟ್ಟಿಗೆ ದಾಟಬೇಕಿತ್ತು. ಯಾಕೆ ಎಂದು ಹೇಳಬೇಕಾದರೆ ನನ್ನ ಕೆಲಸ ಏನೆಂದು ಮೊದಲು ಹೇಳಬೇಕು.

ನಾನು ಹೊಳಲ್ಕೆರೆಯಲ್ಲಿ ಹುಟ್ಟಿ ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದವಳು. ಇಲ್ಲಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ವರದಿಗಾರ್ತಿ. ಜಿಲ್ಲೆಯ ನಡುವೆ ಹೆದ್ದಾರಿ ಹಾದಿದೆ, ಹಿರಿಯೂರಿನ ಆಚೆ ಈಚೆ ಅಪಘಾತವಿಲ್ಲದ ವಾರ ಅಪರೂಪ. ಗಂಡಸು ವರದಿಗಾರರು ರಸ್ತೆಗೆ, ಠಾಣೆಗೆ, ಆಸ್ಪತ್ರೆಗೆ ಓಡುತ್ತಿದ್ದರು. ನನ್ನ ಪಾಲಿಗೆ ಮೊದಲಿನಿಂದಲೂ ಒಂದೇ ಕೆಲಸ, ಸತ್ತವರ ಮನೆಗೆ ಹೋಗಿ ಅವರ ಫೋಟೊ ತರುವುದು. ಹೆಂಗಸಾದ್ದರಿಂದ ನನ್ನನ್ನು ಅಡುಗೆಮನೆಯ ತನಕ ಬಿಟ್ಟುಕೊಳ್ಳುತ್ತಿದ್ದರು, ತಾಯಂದಿರ ಪಕ್ಕದಲ್ಲಿ ಕೂರಬಹುದಿತ್ತು. ಬೇರೆ ಪತ್ರಿಕೆಗಳವರೆಲ್ಲ ಹೊರಗೆ ಜಗುಲಿಯ ಹತ್ತಿರ ಕಾಯುತ್ತಿದ್ದರು. ನಾನು ತಂದ ಫೋಟೊ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಕಚೇರಿಯಿಂದ ಕಚೇರಿಗೆ ಸುತ್ತಿ ಸ್ಕ್ಯಾನ್ ಆಗಿ, ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗುತ್ತಿತ್ತು. ಅವರು ನನಗಿಟ್ಟ ಹೆಸರು ಫೋಟೊ ಅಕ್ಕ. ಬರಿಗೈಯಲ್ಲಿ ವಾಪಸಾದವಳಲ್ಲ ಎಂಬ ಜಂಬ ನನಗೂ ಇತ್ತು.

ಹನ್ನೊಂದು ವರ್ಷದ ಹಿಂದೆ ಹಿರಿಯೂರಿನ ಹತ್ತಿರ, ಈರುಳ್ಳಿ ಕೀಳಲು ಆಳುಗಳನ್ನು ಕರೆದೊಯ್ಯುತ್ತಿದ್ದ ಗೂಡ್ಸ್ ಗಾಡಿಯೊಂದು ಮಗುಚಿತು. ಸತ್ತವರಲ್ಲಿ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಮಂಜುಳಾ ಒಬ್ಬಳು. ಹತ್ತೊಂಬತ್ತು ವರ್ಷ, ಕುರಿ ಸಾಕುವವರ ಮನೆಯ ಹುಡುಗಿ. ತಾಯಿ ಕರಿಯಮ್ಮ ಟ್ರಂಕಿನ ತಳದಿಂದ ಒಂದೇ ಒಂದು ಫೋಟೊ ತೆಗೆದುಕೊಟ್ಟರು. ಹೊಸದುರ್ಗದ ಸ್ಟುಡಿಯೊದಲ್ಲಿ ತೆಗೆಸಿದ್ದು, ಪೋಸ್ಟ್‌ಕಾರ್ಡಿನಷ್ಟು ದೊಡ್ಡದು. ಹಿಂದೆ ನೀಲಿ ಪರದೆ. ಹುಡುಗಿ ಯಾರದೋ ಸೀರೆ ಉಟ್ಟು, ನಗು ತಡೆದುಕೊಂಡು ನಿಂತಿದ್ದಳು. ನಾಳೆ ವಾಪಸ್ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ತಂದೆ. ಆ ಫೋಟೊ ಏಳು ಕೈ ದಾಟಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಸ್ಟುಡಿಯೊದವನನ್ನು ಕೇಳಿದೆ, ಅವನ ಕಂಪ್ಯೂಟರ್ ಕೆಟ್ಟು ಹಳೆಯದೆಲ್ಲ ಅಳಿಸಿಹೋಗಿತ್ತು. ನಮ್ಮ ಪತ್ರಿಕೆಯಲ್ಲಿ ಅಚ್ಚಾದದ್ದು ಹೆಬ್ಬೆರಳಿನಷ್ಟು ಕಪ್ಪು ಮಸಿ, ಅದರಲ್ಲಿ ಮೂಗು ಯಾವುದು ಬಾಯಿ ಯಾವುದು ಹೆತ್ತವಳಿಗೂ ತಿಳಿಯದು.

ಕರಿಯಮ್ಮ ಮೂರು ಸಲ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದರು. ಮೂರು ಸಲವೂ ನಾನು ಒಳಗಿದ್ದುಕೊಂಡೇ ಇಲ್ಲ ಅನ್ನಿಸಿದೆ. ಮೂರನೆಯ ಸಲ ಒಳಕೋಣೆಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಬಂದಿದ್ದೆ ಅಂತ ಹೇಳಿ ಎಂದಷ್ಟೇ ಅವರು ಹೊರಗಿನವರಿಗೆ ಹೇಳಿ ಹೋದರು. ಆಮೇಲೆ ಮಾಡದಕೆರೆ ಕಡೆಯ ಸುದ್ದಿ ಏನೇ ಬಂದರೂ ಬೇರೆಯವರಿಗೆ ದಾಟಿಸಿದೆ. ಆ ತಾಯಿಯ ಮುಂದೆ ನಿಂತು ಫೋಟೊ ಕಳೆದುಹೋಗಿದೆ ಎಂದು ಹೇಳಬೇಕು, ಇದ್ದದ್ದು ಅಷ್ಟೇ ಕೆಲಸ. ಹನ್ನೊಂದು ವರ್ಷ ಅದು ನನ್ನಿಂದ ಆಗಲಿಲ್ಲ.

ಶಿಬಿರದ ಅರ್ಜಿಯಲ್ಲಿ 'ನಿಮ್ಮನ್ನು ಈಗಲೂ ಕಾಡುವ ಒಂದು ವರದಿ' ಎಂಬ ಕಾಲಂ ಇತ್ತು. ಅಲ್ಲಿ ಯಾವುದೋ ಬೆಂಕಿ ಅನಾಹುತದ ಕಥೆ ಬರೆದೆ. ಚೆನ್ನಾಗಿ ಬರೆದಿದ್ದೆ ಅಂತ ಕಾಣುತ್ತದೆ, ಆಯ್ಕೆಯಾಯಿತು.

ಕಟುನಾಯಕದಿಂದ ಕೊಲಂಬೊ

ವಿಮಾನ ನಿಲ್ದಾಣ ಇರುವ ಊರಿನ ಹೆಸರು ಕಟುನಾಯಕ. ಪಾಳೆಯಗಾರರ ಊರಿನಿಂದ ಹೋದವಳಿಗೆ ಹೆಸರು ಕೇಳಿಯೇ ಅರ್ಧ ಧೈರ್ಯ ಬಂತು. ನಿಲ್ದಾಣದ ಒಳಗೆ ಸೆಂಟು, ಸಾರಾಯಿ ಮಾರುತ್ತಾರೆಂದು ಕೇಳಿದ್ದೆ. ಅಲ್ಲಿ ಸಾಲಾಗಿ ನಿಂತಿದ್ದದ್ದು ಫ್ರಿಜ್ಜು ಮತ್ತು ಬಟ್ಟೆ ಒಗೆಯುವ ಮೆಷಿನ್ನು. ಅರಬ್ ದೇಶಗಳಲ್ಲಿ ಮನೆಗೆಲಸ ಮಾಡಿ ಊರಿಗೆ ಮರಳುವ ಹೆಂಗಸರು ಇಳಿದ ತಕ್ಷಣ ಕೊಳ್ಳುತ್ತಾರಂತೆ. ನನ್ನ ವಿಮಾನದಲ್ಲೇ ಬಂದ ಒಬ್ಬಾಕೆ, ನನ್ನ ವಯಸ್ಸಿನವಳು, ಒಂದೊಂದು ಫ್ರಿಜ್ಜಿನ ಬಾಗಿಲನ್ನೂ ತೆಗೆದು ಮುಚ್ಚಿ ನೋಡುತ್ತಿದ್ದಳು. ಸಂತೆಯಲ್ಲಿ ಹಸುವಿನ ಹಲ್ಲು ನೋಡುವಷ್ಟು ಶ್ರದ್ಧೆ. ಅವಳನ್ನು ನೋಡುತ್ತ ನಿಂತು, ನನ್ನ ಹೆಸರಿನ ಬೋರ್ಡು ಹಿಡಿದಿದ್ದ ಡ್ರೈವರನ್ನು ಬಹಳ ಹೊತ್ತು ಕಾಯಿಸಿದೆ.

ಸಿಂಹಳದ ಅಕ್ಷರ ನೋಡಿದರೆ ನಮ್ಮದೇ ಅನ್ನಿಸುತ್ತದೆ. ಅದೇ ಗುಂಡು, ಅದೇ ಸುರುಳಿ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಲು ಹೋಗಿ ಹೋಗಿ ಸೋತೆ. ನೆಂಟರ ಮನೆ ಎಂದು ನುಗ್ಗಿ ಬೇರೆ ಯಾರದೋ ಮನೆಯ ನಡುಮನೆಯಲ್ಲಿ ನಿಂತ ಹಾಗೆ. ತಲೆ ಆಡಿಸುವುದರಲ್ಲಿ ಮಾತ್ರ ಅವರೂ ನಾವೂ ಒಂದೇ. ಹೂಂ ಅನ್ನಲೂ ಅದೇ, ಉಹೂಂ ಅನ್ನಲೂ ಅದೇ, ನೋಡೋಣ ಅನ್ನಲೂ ಅದೇ.

ಬೆಳಗಿನ ತಿಂಡಿಗೆ ಒತ್ತುಶಾವಿಗೆ ಕಂಡು ಕುಣಿದಾಡುವಷ್ಟು ಖುಷಿಯಾಯಿತು. ಪಕ್ಕದಲ್ಲಿ ಬೆಳ್ಳಗೆ ಕಾಯಿಹಾಲು. ಊರಿನ ಅಭ್ಯಾಸದಂತೆ ಬೆಲ್ಲದ ಕಾಯಿಹಾಲು ಎಂದು ಧಾರಾಳವಾಗಿ ಸುರಿದುಕೊಂಡೆ. ಬಾಯಿಗಿಟ್ಟರೆ ಉಪ್ಪು, ಹಸಿಮೆಣಸು. ಅದು ಬೇಡವೆಂದು ಕೆಂಪು ಕಾಯಿಚಟ್ನಿಗೆ ಕೈಹಾಕಿದೆ. ಅದು ಎಷ್ಟು ರುಚಿಯೆಂದರೆ ಮೂರು ದಿನ ಮೂರು ಹೊತ್ತೂ ಅದನ್ನೇ ತಿಂದೆ. ನಾಲ್ಕನೆಯ ದಿನ ಅದರಲ್ಲಿ ಒಣಮೀನಿನ ಪುಡಿ ಇರುತ್ತದೆಂದು ಗೊತ್ತಾಯಿತು. ಈರುಳ್ಳಿ ಮುಟ್ಟದ ವಾರಗಳನ್ನೂ ಪಾಲಿಸುವ ನನ್ನ ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ. ಯಾರಾದರೂ ಇದನ್ನು ಓದಿ ಹೇಳಿದರೆ ತಿಳಿಯಲಿ.

ಕೊಲಂಬೊ, ಮೊದಲ ದಿನ

ಶಿಬಿರದಲ್ಲಿ ನಾವು ಇಪ್ಪತ್ತು ಜನ, ಸುತ್ತಮುತ್ತಲ ದೇಶಗಳ ಸಣ್ಣ ಊರುಗಳಿಂದ ಬಂದವರು. ಭೂಕಂಪ ನೋಡಿದವರು, ಪ್ರವಾಹ ನೋಡಿದವರು, ಬಾಂಬು ನೋಡಿದವರು. ನಾನು ಗೂಡ್ಸ್ ಗಾಡಿ ಮತ್ತು ಲಾರಿ ನೋಡಿದವಳು. ಅಂತಹವರ ನಡುವೆ ಬಾಯಿ ತೆರೆಯಲು ಸಂಕೋಚವಾಯಿತು. ಸಾಲದ್ದಕ್ಕೆ ನನ್ನ ಇಂಗ್ಲಿಷು ಪೋಸ್ಟ್‌ಮಾರ್ಟಂ ವರದಿಗಳನ್ನು ಓದಿ ಕಲಿತದ್ದು. ತಲೆಬುರುಡೆಯ ಯಾವ ಮೂಳೆಗೆ ಏನೆನ್ನುತ್ತಾರೆ ಎಂದು ಹೇಳಬಲ್ಲೆ, ಮಜ್ಜಿಗೆ ಬೇಕು ಎಂದು ಕೇಳಲು ತಡವರಿಸುತ್ತೇನೆ.

ತರಬೇತಿ ಕೊಟ್ಟವರು ದಿಲ್ಹಾನಿ ಎಂಬ ಮನಃಶಾಸ್ತ್ರದ ಮೇಡಂ. ಕೊಲಂಬೊದವರೇ, ಮೆಲುದನಿ. ಕೆಟ್ಟದ್ದನ್ನು ನೋಡಿ ಮನೆಗೆ ಮರಳಿದ ಮೇಲೆ ಮೊದಲು ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಕುಡಿಯುತ್ತೇನೆ ಎಂದು ಮೂವರು ಒಪ್ಪಿಕೊಂಡರು, ಕುಡಿಯುವುದಿಲ್ಲ ಎಂದು ಮೂವರು ಕೇಳದೆಯೇ ಹೇಳಿದರು. ಒಬ್ಬ ಇಡೀ ದಿನ ಕ್ರಿಕೆಟ್ ನೋಡುತ್ತಾನಂತೆ. ಒಬ್ಬಾಕೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಾಳಂತೆ. ನೇಪಾಳದ ಗುಡ್ಡಗಾಡಿನಿಂದ ಬಂದ ಬಿಷ್ಣು ಎಂಬಾತ, ತಾನು ಮನೆಗೇ ಹೋಗುವುದಿಲ್ಲ, ಬಸ್ ನಿಲ್ದಾಣದಲ್ಲಿ ಕೂತಿದ್ದು ಮಗಳು ಫೋನ್ ಮಾಡಿದ ಮೇಲೆ ಎದ್ದು ಹೋಗುತ್ತೇನೆ ಎಂದ.

ನನ್ನ ಸರದಿ ಬಂದಾಗ ಇದ್ದದ್ದನ್ನು ಹೇಳಿದೆ. ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. ನಾನೋ ವಾರಕ್ಕೆರಡು ಸಲ ಅಂಥ ಮನೆಗಳಿಂದ ಬರುವವಳು. ನನ್ನ ಗಾಡಿಯ ಸದ್ದು ಕೇಳಿದರೆ ಸಾಕು, ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಅಲ್ಲೇ ನಿಂತ್ಕ. ಹಂಡೇಲಿ ನೀರ್ ಕಾದೈತೆ, ತಲಿಗ್ ಹಾಕ್ಕಂಡ್ ಒಳಗ್ ಬಾ" ಅನ್ನುತ್ತಿದ್ದರು. ಹಿತ್ತಲಲ್ಲಿ ಕೂತು ಹಂಡೆ ಖಾಲಿಯಾಗುವ ತನಕ ಸುರಿದುಕೊಳ್ಳುತ್ತಿದ್ದೆ. ಅತ್ತರೂ ನೀರು, ಅಳದಿದ್ದರೂ ನೀರು. ತಲೆ ಒರೆಸಿಕೊಂಡು ಬಂದರೆ ತಟ್ಟೆಯಲ್ಲಿ ಮುದ್ದೆ ಇರುತ್ತಿತ್ತು, ಯಾರು ಸತ್ತರು ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದೆ. ದಿಲ್ಹಾನಿ ಮೇಡಂ ಬಹಳ ಸಂತೋಷದಿಂದ ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದರು. ಮಡಿ ಮೈಲಿಗೆ ಎಂದು ಇಪ್ಪತ್ತು ವರ್ಷ ಅತ್ತೆಯ ಜೊತೆ ಜಗಳವಾಡಿದ್ದು ನೆನಪಾಗಿ ನನಗೆ ನಗು ಬಂತು.

ಈಗ ಹಂಡೆಯ ಜಾಗದಲ್ಲಿ ಗೀಸರ್ ಇದೆ, ಅತ್ತೆಗೆ ಕಿವಿ ಮಂದವಾಗಿ ಗಾಡಿಯ ಸದ್ದು ಕೇಳುವುದಿಲ್ಲ. ನೇರ ಒಳಗೆ ಹೋಗುತ್ತೇನೆ. ಆದರೆ ಹಂಡೆ ಇದ್ದ ಕಾಲದಲ್ಲೂ ಕರಿಯಮ್ಮನ ವಿಷಯ ತೊಳೆದುಹೋಗಿರಲಿಲ್ಲ. ಅದನ್ನು ಬೋರ್ಡಿನ ಮುಂದೆ ಹೇಳಲಿಲ್ಲ.

ಕೊಲಂಬೊ, ಮೂರನೆಯ ದಿನ

ಮೂರನೆಯ ದಿನ ನಾಟಕ. ಒಬ್ಬರು ಮನೆಯವರನ್ನು ಕಳೆದುಕೊಂಡವರಾಗಬೇಕು, ಇನ್ನೊಬ್ಬರು ವರದಿಗಾರರಾಗಿ ಆ ಮನೆಗೆ ಹೋಗಬೇಕು. ಉಳಿದವರು ನೋಡಿ ತಪ್ಪು ಒಪ್ಪು ಹೇಳಬೇಕು. ನನಗೆ ಜೊತೆಯಾಗಿ ಸಿಕ್ಕವನು ಬಿಷ್ಣು. ಅವನು ಮಗಳನ್ನು ಕಳೆದುಕೊಂಡ ತಂದೆ, ನಾನು ನಾನೇ.

ಮುಂಚೆ ಹೋದವರೆಲ್ಲ ಬಾಗಿಲಲ್ಲೇ ನಿಂತು ತಡವರಿಸಿದ್ದರು. ನಾನು ತಡವರಿಸಲಿಲ್ಲ. ಚಪ್ಪಲಿ ಬಿಟ್ಟೆ, ಒಳಗೆ ಹೋಗಿ ನೆಲದ ಮೇಲೆ ಅವನ ಪಕ್ಕ ಕೂತೆ, ಮಾತಾಡಲಿಲ್ಲ. ಅವನ ಮಣಿಕಟ್ಟು ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬಂತು. ಬರುತ್ತದೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ, ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ. ನಾನು ಅತ್ತ ಮೇಲೆ ಎದುರಿಗಿರುವವರು ನನ್ನನ್ನೇ ಸಮಾಧಾನ ಮಾಡುತ್ತಾರೆ, ಆಗ ಮೆಲ್ಲಗೆ ಕೇಳಬೇಕು, ಮಗುವಿನ ಮುಖ ನೋಡಬಹುದಾ ಎಂದು. ಫೋಟೊ ಎಂಬ ಪದವನ್ನು ಮೊದಲು ಬಳಸಬಾರದು.

ಬಿಷ್ಣು ಒಳ್ಳೆಯ ನಟ. ನಡುಗುವ ಕೈಯಿಂದ ಪರ್ಸು ತೆಗೆದು, ಅದರಲ್ಲಿದ್ದ ಪುಟ್ಟ ಫೋಟೊ ಕೊಟ್ಟ. ಎರಡು ಜಡೆಯ ಹುಡುಗಿ, ಶಾಲೆಯ ಸಮವಸ್ತ್ರ. ಎರಡೂ ಕೈಯಲ್ಲಿ ಹಿಡಿದು ನೋಡಿದೆ, ಹಣೆಗೆ ಒತ್ತಿಕೊಂಡೆ. ಎದ್ದು ಬಂದೆ. ಸಭೆ ಚಪ್ಪಾಳೆ ಹೊಡೆಯಿತು. ಒಬ್ಬಾಕೆ ನಿಜವಾಗಿಯೇ ಅಳುತ್ತಿದ್ದಳು. ದಿಲ್ಹಾನಿ ಮೇಡಂ ಮಾತ್ರ ಚಪ್ಪಾಳೆ ಹೊಡೆಯದೆ ನನ್ನನ್ನು ನೋಡುತ್ತಿದ್ದರು. ನಾನು ಬೀಗುತ್ತಲೇ ಹೋಗಿ ಕುರ್ಚಿಯಲ್ಲಿ ಕೂತೆ.

ಚಹಾದ ಬಿಡುವಿನಲ್ಲಿ ಬಿಷ್ಣು ಹತ್ತಿರ ಬಂದ. ಸ್ವಲ್ಪ ನಾಚಿಕೊಂಡು, ದೀದಿ, ನನ್ನ ಮಗಳ ಫೋಟೊ ಕೊಡುತ್ತೀರಾ ಎಂದ. ಯಾವ ಫೋಟೊ ಎಂದೆ. ತಮಾಷೆಗಲ್ಲ, ನಿಜವಾಗಿಯೂ ನನಗೆ ನೆನಪಿರಲಿಲ್ಲ. ಆಮೇಲೆ ಬ್ಯಾಗಿಗೆ ಕೈಹಾಕಿದೆ. ಮುಂದಿನ ಖಾನೆಯಲ್ಲಿಲ್ಲ, ನಡುವಿನದರಲ್ಲಿಲ್ಲ. ಒಳಗಿನ ಜಿಪ್ಪಿನ ಖಾನೆಯಲ್ಲಿ, ನೋಟ್‌ಬುಕ್ಕಿನ ಹಾಳೆಗಳ ನಡುವೆ ಮಡಿಕೆಯಾಗದಂತೆ ಭದ್ರವಾಗಿ ಇಟ್ಟಿದ್ದೆ. ಯಾವಾಗ ಜಿಪ್ಪು ಎಳೆದೆ, ಯಾವಾಗ ಹಾಳೆಯ ನಡುವೆ ಸೇರಿಸಿದೆ, ಒಂದೂ ಗೊತ್ತಿಲ್ಲ. ಕೈ ತನ್ನಷ್ಟಕ್ಕೆ ಮಾಡಿತ್ತು. ಸುತ್ತಲಿದ್ದವರು ನಕ್ಕರು, ಬಿಷ್ಣುವೂ ನಕ್ಕ. ಅವನು ಫೋಟೊವನ್ನು ಪರ್ಸಿಗೆ ಸೇರಿಸುವ ಮುಂಚೆ ಅಂಗಿಯ ತುದಿಯಿಂದ ಒಮ್ಮೆ ಒರೆಸಿದ. ಅದನ್ನು ನೋಡಿದೆ. ಮುಖ ತೊಳೆದು ಬರುತ್ತೇನೆಂದು ಹೋಗಿ ಬಚ್ಚಲುಕೋಣೆಯಲ್ಲಿ ಚಿಲಕ ಹಾಕಿಕೊಂಡು ನಿಂತೆ. ಆಗ ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಗಾಲೆಯ ದಾರಿಯ ಬಸ್ಸು

ಮರುದಿನ ಬಿಡುವು. ಎಲ್ಲರೂ ಸೀರೆ, ಚಹಾಪುಡಿ ಕೊಳ್ಳಲು ಹೊರಟರು. ಶಿಬಿರದಲ್ಲಿ ನಿಮಲ್ ಎಂಬ ಹಿರಿಯರಿದ್ದರು, ಅರವತ್ತು ದಾಟಿದವರು. ದಕ್ಷಿಣದ ಕಡಲತೀರದಲ್ಲಿ ನನ್ನ ಹಾಗೆಯೇ ಸಣ್ಣ ಊರಿನ ವರದಿಗಾರ. ಅವರ ಇಂಗ್ಲಿಷೂ ನನ್ನದರಷ್ಟೇ ಹಾಳಾಗಿದ್ದರಿಂದ ನಮಗೆ ಚೆನ್ನಾಗಿ ಹೊಂದಿಕೆಯಾಗಿತ್ತು. ಅವರು ನನ್ನನ್ನು ನಂಗಿ ಎಂದು ಕರೆಯುತ್ತಿದ್ದರು, ಸಿಂಹಳದಲ್ಲಿ ತಂಗಿ ಎಂದರ್ಥ. ನಂಗಿ, ಇವತ್ತು ನಮ್ಮೂರಿಗೆ ಬಾ, ಒಬ್ಬರ ಮನೆಯಲ್ಲಿ ನನಗೆ ಕೆಲಸವಿದೆ ಎಂದರು. ಹಿಂದಿನ ದಿನ ನಾನು ಬಚ್ಚಲುಕೋಣೆಯಿಂದ ಬಂದದ್ದನ್ನು ಅವರು ನೋಡಿದ್ದರೆಂದು ಕಾಣುತ್ತದೆ, ಆದರೆ ಏನೂ ಕೇಳಲಿಲ್ಲ.

ಬಸ್ಸು ಹತ್ತಿದವಳೇ ಅಭ್ಯಾಸಬಲದಿಂದ ಮುಂದಿನ ಸೀಟಿನಲ್ಲಿ ಕೂತೆ. ನಮ್ಮಲ್ಲಿ ಮುಂದಿನ ಸೀಟೆಂದರೆ ಹೆಂಗಸರದ್ದು, ಅದನ್ನು ಬಿಡಿಸಿಕೊಳ್ಳಲು ಗಂಡಸರೊಡನೆ ಜಗಳವಾಡಿ ಗೆದ್ದವಳು ನಾನು. ನಿಮಲ್ ಹಿಂದೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಎರಡು ನಿಲ್ದಾಣ ದಾಟಿದ ಮೇಲೆ ಕಾವಿ ಬಟ್ಟೆಯ ಭಿಕ್ಷುವೊಬ್ಬರು ಹತ್ತಿ ನನ್ನ ಪಕ್ಕದಲ್ಲಿ ಬಂದು ನಿಂತರು. ಬಸ್ಸಿನವರೆಲ್ಲ ನನ್ನನ್ನೇ ನೋಡತೊಡಗಿದರು. ನಾನು ಸೌಜನ್ಯಕ್ಕೆ ಸ್ವಲ್ಪ ಸರಿದು, ಬನ್ನಿ ಕೂತುಕೊಳ್ಳಿ ಎಂದು ಪಕ್ಕದ ಜಾಗ ತಟ್ಟಿ ತೋರಿಸಿದೆ. ಭಿಕ್ಷುಗಳು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಂಡಕ್ಟರ್ ಬಂದು ಏನೋ ಹೇಳಿದ, ನಾನು ಟಿಕೆಟ್ ತೋರಿಸಿದೆ. ಕೊನೆಗೆ ನಿಮಲ್ ಜನರನ್ನು ಸೀಳಿಕೊಂಡು ಬಂದು ಎಬ್ಬಿಸಿದರು. ಆ ಸೀಟು ಭಿಕ್ಷುಗಳಿಗೆಂದೇ ಮೀಸಲು, ಅವರ ಪಕ್ಕ ಹೆಂಗಸರು ಕೂರುವಂತೆಯೇ ಇಲ್ಲವಂತೆ. ಉಳಿದ ದಾರಿಯೆಲ್ಲ ಕಂಬಿ ಹಿಡಿದು ನಿಂತು ನೆಲ ನೋಡುತ್ತ ಹೋದೆ.

ಇಳಿದ ಊರಿನಲ್ಲಿ ಬೀದಿಯುದ್ದಕ್ಕೂ ಬಿಳಿ ಬಾವುಟಗಳನ್ನು ಕಟ್ಟಿದ್ದರು. ಆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥವಂತೆ. ನಮ್ಮಲ್ಲಾದರೆ ಹೊಗೆ ನೋಡಿ ಮನೆ ಹುಡುಕುತ್ತಿದ್ದೆ, ಇಲ್ಲಿ ಬಾವುಟ ಹಿಡಿದು ಹೋದರೆ ಸಾಕು ಎಂದು ಒಂದು ಗಳಿಗೆ ಲೆಕ್ಕ ಹಾಕಿದೆ. ಹಾಕಿದ್ದಕ್ಕೆ ನಾಚಿಕೆಯೂ ಆಯಿತು.

ನಾವು ಹೋದದ್ದು ಸೋಮಾ ಎಂಬ ಹೆಂಗಸಿನ ಮನೆಗೆ. ದಾರಿಯಲ್ಲಿ ನಿಮಲ್ ಹೇಳಿದ ಕಥೆ ಇದು. ಸುನಾಮಿಯ ದಿನ ಸಮುದ್ರ ಊರಿನ ಮೇಲೆ ಬಂದಾಗ ಸೋಮಾಳ ಸಣ್ಣ ಮಗ ಹೋದ. ನಿಮಲ್ ಮರುದಿನ ಬರೆದರು, ತಾಯಿಯ ಕೈಯಿಂದ ಮಗು ಜಾರಿತು ಎಂದು. ಯಾರೂ ಹಾಗೆ ಹೇಳಿರಲಿಲ್ಲ. ಓದುವವರ ಮನಸ್ಸು ಕಲಕಲಿ ಎಂದು ಆ ಒಂದು ಸಾಲು ತಾವೇ ಸೇರಿಸಿದರು. ಅಸಲಿಗೆ ಆ ಹೊತ್ತಿನಲ್ಲಿ ಸೋಮಾ ಪೇಟೆಗೆ ಹೋಗಿದ್ದಳು, ಮಗು ಪಕ್ಕದ ಮನೆಯಲ್ಲಿತ್ತು. ಪತ್ರಿಕೆ ಓದಿದ ಊರಿನವರು, ಅತ್ತೆ ಮನೆಯವರು, ಕೈ ಹೇಗೆ ಬಿಟ್ಟೆ ಎಂದು ಅವಳನ್ನು ಕೇಳತೊಡಗಿದರು. ಕೇಳಿ ಕೇಳಿ, ತಾನೇ ಬಿಟ್ಟೆನೇನೋ ಎಂದು ಅವಳಿಗೂ ಅನ್ನಿಸಲು ಶುರುವಾಯಿತಂತೆ. ವಿಷಯ ತಿಳಿದು ನಿಮಲ್ ತಿದ್ದುಪಡಿ ಹಾಕಿಸಿದರು, ಅದನ್ನು ಯಾರು ಓದುತ್ತಾರೆ. ಆಮೇಲೆ, ಮಗುವಿನ ನೆನಪಿಗೆ ವರ್ಷಕ್ಕೊಮ್ಮೆ ಭಿಕ್ಷುಗಳಿಗೆ ಊಟ ಹಾಕುವ ದಾನದ ಹಿಂದಿನ ದಿನ ಅವಳ ಮನೆಗೆ ಹೋಗಿ ಬಾಗಿಲು ತಟ್ಟಿದರು. ತೆಗೆಯಲಿಲ್ಲ. ಮುಂದಿನ ವರ್ಷವೂ ಹೋದರು, ಅದರ ಮುಂದಿನ ವರ್ಷವೂ. ನಾಲ್ಕನೆಯ ವರ್ಷ ಬಾಗಿಲು ತೆರೆದು, ಮಾತಿಲ್ಲದೆ ಕಾಯಿ ತುರಿಯುವ ಮಣೆ ಮುಂದಿಟ್ಟಳು.

ಅವತ್ತೂ ಅವರು ಸೀದಾ ಒಳಗೆ ಹೋಗಿ ಮಣೆಯ ಮೇಲೆ ಕೂತು ತುರಿಯತೊಡಗಿದರು. ಮಾರನೆಯ ದಿನ ಭಿಕ್ಷುಗಳಿಗೆ ದಾನದ ಊಟ. ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿದೆ. ಸೋಮಾ ಕಹಿ ಚಹಾ ಕೊಟ್ಟಳು, ಕೈಗೆ ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚಿಕೊಂಡು ಚಹಾ ಹೀರಬೇಕು. ದಣಿದು ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಅಜ್ಜಿಯ ಕಾಲದ ಪದ್ಧತಿ ನೆನಪಾಯಿತು. ನಾಲ್ಕನೆಯ ವರ್ಷ ಬಾಗಿಲು ಯಾಕೆ ತೆರೆದೆ ಎಂದು ನಿಮಲ್ ಮೂಲಕವೇ ಅವಳನ್ನು ಕೇಳಿಸಿದೆ. ಅವಳು ಯೋಚಿಸಿ, ಅವತ್ತು ಕಾಯಿ ತುರಿಯಲು ಯಾರೂ ಸಿಕ್ಕಿರಲಿಲ್ಲ ಎಂದಳು.

ಸಂಜೆ ಕಡಲ ಬದಿಯಲ್ಲಿ ನಡೆಯುತ್ತ, ಅವಳು ನಿಮ್ಮನ್ನು ಕ್ಷಮಿಸಿದ್ದಾಳಾ ಎಂದೆ. 'ಕೇಳಿಲ್ಲ' ಎಂದರು ನಿಮಲ್. ಆಗ ಮೊದಲ ಸಲ ನನ್ನ ಬಾಯಿಂದ ಮಂಜುಳಾಳ ಫೋಟೊದ ವಿಷಯ ಹೊರಗೆ ಬಂತು. ಮೂರು ಸಲ ಬಂದ ಕರಿಯಮ್ಮ, ಬಾಗಿಲ ಹಿಂದೆ ನಿಂತ ನಾನು, ಎಲ್ಲ ಹೇಳಿದೆ. ಏನು ಮಾಡಲಿ, ಆ ಫೋಟೊವನ್ನು ಎಲ್ಲಿಂದ ತರಲಿ ಎಂದೆ. ಅವರು ಉಪದೇಶ ಮಾಡುತ್ತಾರೆಂದು ಕಾದೆ.

'ಆ ಊರಿಗೆ ಬಸ್ಸಿದೆಯಾ?' ಎಂದು ಕೇಳಿದರು.

ಇದೆ ಎಂದೆ. ಹಾಗಾದರೆ ಇನ್ನೇನು ಎಂಬಂತೆ ತಲೆಯಾಡಿಸಿ, ರೈಲಿನ ಹೊತ್ತಾಯಿತೆಂದು ನಿಲ್ದಾಣದ ಕಡೆ ತಿರುಗಿದರು.

ಮಾಡದಕೆರೆ

ಊರಿಗೆ ಬಂದ ಮೂರನೆಯ ದಿನ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಮಾಡದಕೆರೆ ಬಸ್ಸು ಹತ್ತಿದೆ. ಪ್ರವಾಸದ ಬರಹದಲ್ಲಿ ಇದು ಯಾಕೆ ಎಂದು ಕೇಳಬಹುದು. ನನ್ನ ಪ್ರವಾಸದಲ್ಲಿ ಎಲ್ಲಕ್ಕಿಂತ ದೂರದ ಊರು ಇದೇ ಆಗಿತ್ತು. ಬಸ್ಸಿನಲ್ಲಿ ಹೇಳಬೇಕಾದ್ದನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ನಿಮಲ್ ಮಾಡಿದ ಹಾಗೆ ಬಾಗಿಲು ತೆಗೆಯದಿದ್ದರೆ ಮುಂದಿನ ವರ್ಷ ಮತ್ತೆ ಬರುವುದು ಎಂದೂ ತೀರ್ಮಾನಿಸಿದ್ದೆ.

ಬಾಗಿಲು ತೆರೆದೇ ಇತ್ತು. ಕುರಿಗಳು ಮೇಯಲು ಹೋಗಿದ್ದವು. ಕರಿಯಮ್ಮ ಮನೆಯ ಮುಂದೆ ಕೂತು ಮರಿಗಳಿಗೆ ಸೊಪ್ಪು ತಿನ್ನಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು, ಹನ್ನೊಂದು ವರ್ಷವಾಗಿದ್ದರೂ. ಬರ್ರಿ, ಕುಂತ್ಕಳ್ರಿ ಎಂದು ಗೋಣಿ ಹಾಸಿದರು, ನೀರು ತಂದುಕೊಟ್ಟರು. ಮನೆಯಲ್ಲಿ ಯಾರಿಗೆ ಹುಷಾರು, ಯಾರಿಗಿಲ್ಲ ಎಂದು ವಿಚಾರಿಸಿದರು. ನಾನು ನೀರು ಕುಡಿದು ಲೋಟ ಕೆಳಗಿಟ್ಟೆ. ಬಸ್ಸಿನಲ್ಲಿ ಹೊಂದಿಸಿಕೊಂಡದ್ದೆಲ್ಲ ಮರೆತುಹೋಗಿತ್ತು.

"ನಿಮ್ಮ ಮಂಜುಳನ ಫೋಟೊ ಕಳದೋಗೈತೆ ಕರಿಯಮ್ಮ. ಅವತ್ತೇ ಕಳೀತು. ನೀವು ಕೇಳಾಕೆ ಬಂದಾಗ್ಲೆಲ್ಲ ನಾನು ಒಳಗೇ ಇದ್ದೆ."

"ಗೊತ್ತೈತೆ ಬಿಡ್ರಿ" ಎಂದರು. "ಬಾಗ್ಲ ಸಂದೀಲಿ ನಿಮ್ ಕಾಲ್ ಕಾಣ್ತಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಮರಿ ಅವರ ಮಡಿಲಿಗೆ ಮೂತಿ ತೂರಿಸುತ್ತಿತ್ತು, ಅದಕ್ಕೊಂದು ಎಳೆ ಸೊಪ್ಪು ಕೊಟ್ಟರು. ಫೋಟೊ ಕಳೆದದ್ದು ತಮಗೆ ಮೊದಲನೆಯ ಸಲವೇ ಗೊತ್ತಾಯಿತೆಂದೂ, ಇದ್ದಿದ್ದರೆ ಯಾರಾದರೂ ಕೈಗೆ ಕೊಟ್ಟು ಕಳಿಸುತ್ತಿದ್ದರೆಂದೂ ಹೇಳಿದರು. ಗೊತ್ತಿದ್ದೂ ಮತ್ತೆ ಎರಡು ಸಲ ಕೂಲಿ ಬಿಟ್ಟು ಅಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

"ಒಂದ್ ಮಾತ್ ಕೇಳಾದಿತ್ತು ಮೇಡಂ. ಅವತ್ತು ನನ್ನ ತಬ್ಕಂಡು ಅತ್ರಲ್ಲ, ಅದು ನನ್ನ ಮಗಳಿಗೆ ಅತ್ತಿದ್ದಾ, ಫೋಟೊಕ್ಕೆ ಅತ್ತಿದ್ದಾ?"

ಇಷ್ಟು ವರ್ಷ ನಾನು ಹೆದರಿದ್ದು ಬೇರೆ ಪ್ರಶ್ನೆಗೆ. ನಿಮ್ಮ ಮಗಳಿಗೇ ಅತ್ತದ್ದು ಎಂದರೆ ಅವರೂ ನಂಬುತ್ತಿದ್ದರು, ಮೂರನೆಯ ಸಲ ಹೇಳುವಷ್ಟರಲ್ಲಿ ನಾನೂ ನಂಬುತ್ತಿದ್ದೆ. ಆ ದಿನ ನೆನಪು ಮಾಡಿಕೊಂಡೆ. ತಬ್ಬಿಕೊಂಡಿದ್ದಾಗ ನನ್ನ ಕಣ್ಣು ಟ್ರಂಕಿನ ಮೇಲಿತ್ತು.

"ಫೋಟೊಕ್ಕೆ" ಎಂದೆ.

ಕರಿಯಮ್ಮನ ಕೈ ನಿಂತಿತು. ಮತ್ತೆ ಸೊಪ್ಪು ಮುರಿಯತೊಡಗಿದರು. ಅವರು ಬೈಯಲಿ ಎಂದು ಕಾದೆ, ಎದ್ದು ಹೋಗಿ ಅನ್ನಲಿ ಎಂದು ಕಾದೆ. ಅವರು ಮರಿಗೆ ಇನ್ನೊಂದು ಎಳೆ ಸೊಪ್ಪು ಕೊಟ್ಟರು. ಆಗ ನನಗೆ ಅಳು ಬಂತು. ಮೂಗು ಸೋರುವ, ಉಸಿರು ಕಟ್ಟುವ ಕೆಟ್ಟ ಅಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗಲಿಲ್ಲ.

"ಈಗ್ಯಾಕ್ ಅಳ್ತೀರಿ" ಎಂದರು ಕರಿಯಮ್ಮ. "ಕೊಡಾಕೆ ನನ್ನತ್ರ ಈಗೇನೂ ಇಲ್ಲ."

ಅಳು ನಿಲ್ಲಲಿಲ್ಲ. ಅವರು ನನ್ನನ್ನೇ ನೋಡುತ್ತ ಕೂತಿದ್ದರು. ಆಮೇಲೆ ಕೈಯಲ್ಲಿದ್ದ ಸೊಪ್ಪನ್ನು ಮರಿಯ ಮುಂದೆ ಹಾಕಿ, ಗೋಣಿಯ ಮೇಲೆ ನನ್ನ ಪಕ್ಕಕ್ಕೆ ಸರಿದು ಬಂದು, ಮಂಜುಳಾ ಹೇಗೆ ನಗುತ್ತಿದ್ದಳು ಎಂದು ಹೇಳಲು ಶುರು ಮಾಡಿದರು.